ಎಳೆಯ ಪಿಚರ್‌ಗಳ ತೋಳು, ತಲೆ ಕಾಯುವುದು ಹೇಗೆ: ನಡುವೆಯೇ ಕಡಿದುಹೋದ ಬೇಸ್‌ಬಾಲ್ ಬದುಕುಗಳು ಕಲಿಸುವುದು

ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಜೆ. ಆರ್. ರಿಚರ್ಡ್ ಆರಡಿ ಎಂಟಿಂಚು ಎತ್ತರದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವರು. 1978ರಲ್ಲಿ 303, ಮರುವರ್ಷ 313 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದವರು. 1980ರ ಜುಲೈ ಹೊತ್ತಿಗೆ ಹತ್ತು ಗೆಲುವು, ನಾಲ್ಕು ಸೋಲು, ಇ.ಆರ್.ಎ. (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ) 1.90. ಆ ಬೇಸಿಗೆಯಲ್ಲಿ ಅವರು ತೋಳು ಸತ್ತಂತಾಗಿದೆ, ಬೆರಳು ಜೋಮು ಹಿಡಿಯುತ್ತಿದೆ ಎಂದು ಹೇಳುತ್ತಲೇ ಇದ್ದರು. ಜುಲೈ 14ರ ಪಂದ್ಯದಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಬೆರಳಿನಲ್ಲಿ ಕೊಡುವ ಸನ್ನೆ ಸರಿಯಾಗಿ ಕಾಣದೆ ಮೈದಾನ ಬಿಟ್ಟರು. ಸೋಮಾರಿ, ನಾಟಕ ಮಾಡುತ್ತಾನೆ ಎಂಬ ಮಾತು ಪತ್ರಿಕೆಗಳಲ್ಲೂ ಬಂತು. ಅದೇ ತಿಂಗಳ ಪರೀಕ್ಷೆಯಲ್ಲಿ ತೋಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿರುವುದು ತಿಳಿಯಿತು. ಆದರೂ ಹಗುರ ಅಭ್ಯಾಸಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರುಗಳು ಹೇಳಿದರು. ಜುಲೈ 30ರಂದು ಆಸ್ಟ್ರೋಡೋಮ್‌ನಲ್ಲಿ ಚೆಂಡೆಸೆಯುತ್ತಿದ್ದಾಗ ಕುಸಿದು ಬಿದ್ದರು. ಪಾರ್ಶ್ವವಾಯು. ಆಗ ವಯಸ್ಸು 30. ಮೇಜರ್ ಲೀಗ್‌ನಲ್ಲಿ ಮತ್ತೆ ಒಂದು ಎಸೆತವನ್ನೂ ಹಾಕಲಿಲ್ಲ.

ಇಂಥ ಬದುಕುಗಳನ್ನು ಹಣೆಬರಹ ಎಂದು ಬಿಟ್ಟುಬಿಡುವುದು ತಪ್ಪು. ಒಂದೊಂದರಲ್ಲೂ ಎಲ್ಲಿ ತಡೆಯಬಹುದಿತ್ತು ಎಂದು ಬೆರಳಿಟ್ಟು ತೋರಿಸಬಹುದಾದ ಜಾಗ ಇರುತ್ತದೆ. ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿ ಆಡುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ಅಪ್ಪ-ಅಮ್ಮಂದಿರಿಗೆ ವೇಗದ ಬೌಲರ್‌ನ ಬೆನ್ನು, ಮೊಣಕಾಲು ಹೇಗೆ ಕೆಡುತ್ತವೆ ಎಂಬ ಅಂದಾಜಿರುತ್ತದೆ, ಪಿಚರ್‌ನ ಮೊಣಕೈ ಬಗ್ಗೆ ಇರುವುದಿಲ್ಲ. ಪಿಚರ್ ಮೊಣಕೈ ಮಡಿಸಿ, ತೋಳನ್ನು ಹಿಂದಕ್ಕೆ ತಿರುಚಿ, ಅಲ್ಲಿಂದ ಒಮ್ಮೆಲೇ ಬೀಸುತ್ತಾನೆ. ಮೊಣಕೈಯ ಒಳಮಗ್ಗುಲ ಲಿಗಮೆಂಟ್ (ಮೂಳೆಗಳನ್ನು ಕೂಡಿಸಿ ಹಿಡಿಯುವ ಪಟ್ಟಿ) ಪ್ರತಿ ಎಸೆತದಲ್ಲೂ ಎಳೆತ ತಿನ್ನುತ್ತದೆ.

ಮೊದಲ ಕೆಲಸ: ದೂರನ್ನು ನಂಬಿ

ಮಗ ಅಥವಾ ಮಗಳು "ಅಪ್ಪಾ, ಕೈ ಒಂಥರಾ ಆಗ್ತಿದೆ" ಅಂದರೆ ಮೂರು ಪ್ರಶ್ನೆ ಕೇಳಿ. ಎಲ್ಲಿ? ಯಾವಾಗ, ಎಸೆಯುವಾಗಲೋ ಮರುದಿನವೋ? ನೋವೋ, ಜೋಮೋ, ಭಾರವೋ? ಈ ಮೂರನೆಯದರ ಉತ್ತರ ಬಹಳ ಮುಖ್ಯ. ತೋಳಿನ ಸ್ನಾಯು ಒಟ್ಟಾರೆಯಾಗಿ ನೊಂದು, ಒಂದೆರಡು ದಿನದಲ್ಲಿ ತಾನೇ ಇಳಿದರೆ ಅದು ದಣಿವು. ಕೀಲಿನೊಳಗೆ ಚುಚ್ಚಿದರೆ, ಒಂದೇ ಬಿಂದುವಿನಲ್ಲಿ ಒತ್ತಿದಾಗ ನೊಂದರೆ ಅದು ಗಾಯ. ಬೆರಳು ಜೋಮು ಹಿಡಿಯುವುದು, ಕೈ ತಣ್ಣಗಾಗುವುದು, ಬಣ್ಣ ಬಿಳಿಚುವುದು ಅಥವಾ ನೀಲಿಗಟ್ಟುವುದು, ಕೈ ಎತ್ತಿ ಹಿಡಿದರೆ ಬೇಗ ಸೋಲುವುದು, ತೋಳು ಊದುವುದು ಇವು ನರ ಅಥವಾ ರಕ್ತನಾಳದ ಸೂಚನೆ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ, ರಿಚರ್ಡ್ ಅವರಿಗೆ ಇದ್ದದ್ದೂ ಇದೇ. ಇಂಥ ಸೂಚನೆ ಕಂಡ ದಿನವೇ ಎಸೆತ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ರಕ್ತ ಸಂಚಾರದ ಪರೀಕ್ಷೆ ಬೇಕೇ ಎಂದು ನೀವಾಗಿ ಕೇಳಿ. ಇದರ ಜೊತೆ ದೃಷ್ಟಿ ಮಂಜಾದರೆ, ಮಾತು ತೊದಲಿದರೆ, ಮುಖದ ಒಂದು ಬದಿ ಜೋತುಬಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. 911ಕ್ಕೆ ಕರೆ ಮಾಡಿ.

ಇದು ಹಳೆಯ ಕಾಲದ ಕಾಯಿಲೆಯೂ ಅಲ್ಲ. ವಾಷಿಂಗ್ಟನ್ ನ್ಯಾಷನಲ್ಸ್‌ನ ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ಕೊನೆಯಲ್ಲಿ 24.5 ಕೋಟಿ ಡಾಲರ್‌ನ ಏಳು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. 2021ರಲ್ಲಿ ಇದೇ ತೊಂದರೆಗೆ ಶಸ್ತ್ರಚಿಕಿತ್ಸೆ ಆಯಿತು. ಆ ಒಪ್ಪಂದದಡಿ ಅವರು ಒಟ್ಟು ಆಡಿದ್ದು ಎಂಟೇ ಪಂದ್ಯ.

ಮಾತ್ರೆ ಕೊಟ್ಟು ಆಡಿಸಬೇಡಿ. ಪಂದ್ಯಕ್ಕೆ ಮುಂಚೆ ಐಬುಪ್ರೊಫೆನ್ ನುಂಗಿದ ಮಗುವಿಗೆ ತೋಳು ಕೊಡುವ ಎಚ್ಚರಿಕೆ ಮುಟ್ಟುವುದಿಲ್ಲ. ಐಸ್ ಇಡುವುದರಿಂದ ನೋವು ತಗ್ಗಬಹುದು, ಹರಿದದ್ದು ಕೂಡುವುದಿಲ್ಲ.

ಎಸೆತದ ಲೆಕ್ಕ

ಲಿಟಲ್ ಲೀಗ್ 2007ರಿಂದ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕ ತಂದಿತು. ದಿನಕ್ಕೆ ಗರಿಷ್ಠ: 7–8 ವರ್ಷದವರಿಗೆ 50, 9–10ಕ್ಕೆ 75, 11–12ಕ್ಕೆ 85, 13ರಿಂದ 16ರವರೆಗೆ 95. ಬ್ಯಾಟರ್ ಒಬ್ಬನ ಸರದಿ ನಡೆಯುತ್ತಿರುವಾಗ ಮಿತಿ ಮುಟ್ಟಿದರೆ ಆ ಒಬ್ಬನನ್ನು ಮುಗಿಸಬಹುದು, ಅಷ್ಟೇ.

ಮಿತಿಗಿಂತ ವಿರಾಮದ ದಿನಗಳನ್ನೇ ಜನ ಹೆಚ್ಚು ತಪ್ಪುತ್ತಾರೆ. 14 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ:

1–20 ಎಸೆತ: ವಿರಾಮ ಬೇಡ
21–35: 1 ದಿನ
36–50: 2 ದಿನ
51–65: 3 ದಿನ
66 ಮತ್ತು ಮೇಲೆ: 4 ದಿನ

15–16ರವರಿಗೆ ಇದೇ ಮೆಟ್ಟಿಲು 30, 45, 60, 75ಕ್ಕೆ ಏರುತ್ತದೆ. ಎಣಿಸುವುದು ಕ್ಯಾಲೆಂಡರ್ ದಿನವನ್ನು, ಗಂಟೆಯನ್ನಲ್ಲ. ಹನ್ನೆರಡರ ಹುಡುಗ ಶನಿವಾರ 40 ಎಸೆದರೆ ಭಾನುವಾರ, ಸೋಮವಾರ ರಜೆ, ಮಂಗಳವಾರ ಮತ್ತೆ ಎಸೆಯಬಹುದು. 66 ಎಸೆದರೆ ಗುರುವಾರ. 35ಕ್ಕೆ ನಿಲ್ಲಿಸಿದರೆ ಒಂದೇ ದಿನದ ವಿರಾಮ, 36 ಆದರೆ ಎರಡು. ಒಳ್ಳೆಯ ಕೋಚ್ ಈ ಅಂಚನ್ನು ಬೆರಳ ತುದಿಯಲ್ಲಿಟ್ಟುಕೊಂಡಿರುತ್ತಾರೆ. ನಿಮ್ಮ ಕೋಚ್ ಇಟ್ಟುಕೊಂಡಿಲ್ಲವಾದರೆ ನೀವೇ ಗ್ಯಾಲರಿಯಲ್ಲಿ ಕ್ಲಿಕ್ಕರ್ ಹಿಡಿದು ಎಣಿಸಿ.

ನಿಯಮ ಪಾಲಿಸಿದರೂ ತೋಳು ಕೆಡುವುದಿದೆ. ಏಕೆಂದರೆ ನಿಯಮದ ಕಣ್ಣಿಗೆ ಬೀಳದ ಎಸೆತಗಳು ಬಹಳ. ಪ್ರತಿ ಇನಿಂಗ್ಸ್‌ಗೆ ಮುಂಚೆ ಎಂಟರವರೆಗೆ ವಾರ್ಮ್‌ಅಪ್ ಎಸೆತಕ್ಕೆ ಅವಕಾಶವಿದೆ. ಐದು ಇನಿಂಗ್ಸ್ ಎಸೆದವನ ತೋಳಿಗೆ ಲೆಕ್ಕದಲ್ಲಿಲ್ಲದ 40 ಸೇರಿತು. ಪಂದ್ಯಕ್ಕೆ ಮುಂಚಿನ ಅಭ್ಯಾಸ ಬೇರೆ. ಕ್ಯಾಚರ್ ಪ್ರತಿ ಎಸೆತಕ್ಕೂ ಚೆಂಡು ಹಿಂದಿರುಗಿಸುತ್ತಾನೆ. ಅದಕ್ಕೇ 41 ಅಥವಾ ಹೆಚ್ಚು ಎಸೆದ ಪಿಚರ್ ಅಂದು ಕ್ಯಾಚರ್ ಆಗುವಂತಿಲ್ಲ, ನಾಲ್ಕು ಇನಿಂಗ್ಸ್ ಕ್ಯಾಚರ್ ಆಗಿದ್ದವನು ಅಂದು ಪಿಚ್ ಮಾಡುವಂತಿಲ್ಲ. ಇನ್ನೊಂದು, ನಮ್ಮ ಮಕ್ಕಳಿಗೇ ವಿಶೇಷವಾಗಿ ಅನ್ವಯಿಸುವುದು: ಶನಿವಾರ ಬೇಸ್‌ಬಾಲ್, ಭಾನುವಾರ ಕ್ರಿಕೆಟ್. ಬೌಂಡರಿಯಿಂದ ವಿಕೆಟ್‌ಕೀಪರ್‌ಗೆ ಎಸೆಯುವ ಪ್ರತಿ ಥ್ರೋ ಅದೇ ಭುಜದ, ಅದೇ ಮೊಣಕೈಯ ಖಾತೆಗೆ ಬೀಳುತ್ತದೆ. ವಿರಾಮದ ದಿನ ಕ್ರಿಕೆಟ್ ಇದ್ದರೆ ಬ್ಯಾಟಿಂಗ್ ಮಾಡಲಿ, ಸ್ಲಿಪ್‌ನಲ್ಲಿ ನಿಲ್ಲಲಿ, ದೂರದಿಂದ ಎಸೆಯುವುದು ಬೇಡ.

ಎರಡು ತಂಡಕ್ಕೆ ಆಡುವ ಮಕ್ಕಳದ್ದು ಇನ್ನೂ ಕಷ್ಟ. ಒಂದು ತಂಡದ ಕೋಚ್‌ಗೆ ಇನ್ನೊಂದು ತಂಡದ ಲೆಕ್ಕ ಗೊತ್ತಿರುವುದಿಲ್ಲ. ಆದ್ದರಿಂದ ಪುಸ್ತಕ ಮನೆಯಲ್ಲಿರಬೇಕು. ತಾರೀಖು, ತಂಡ, ಎಸೆತ, ಇನಿಂಗ್ಸ್, ಮರುದಿನ ಬೆಳಿಗ್ಗೆ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಲ್ಲಿ. ಆರು ಕಾಲಂ ಸಾಕು. ಪುಟದ ಕೊನೆಗೆ ಇನಿಂಗ್ಸ್‌ಗಳ ಒಟ್ಟು ಮೊತ್ತ ಬರೆಯಿರಿ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಸೂಚನೆಗಳ ಪ್ರಕಾರ ಯಾವುದೇ 12 ತಿಂಗಳಲ್ಲಿ 9–12 ವಯಸ್ಸಿನವರಿಗೆ 80 ಇನಿಂಗ್ಸ್, 13–18ರವರಿಗೆ 100 ಇನಿಂಗ್ಸ್ ಮೇರೆ. ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೆ ರಜೆ, ಅದರಲ್ಲಿ ಎರಡು-ಮೂರು ತಿಂಗಳು ಎಡೆಬಿಡದೆ.

ಈ ರಜೆಯನ್ನು ಹಗುರವಾಗಿ ಕಾಣಬೇಡಿ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹದಿಹರೆಯದ ಪಿಚರ್‌ಗಳನ್ನೂ ಗಾಯವಾಗದವರನ್ನೂ ಹೋಲಿಸಿ ನೋಡಿತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವವರಿಗೆ ಅಪಾಯ ಐದು ಪಟ್ಟು, ಪಂದ್ಯಕ್ಕೆ 80 ದಾಟುವವರಿಗೆ ನಾಲ್ಕು ಪಟ್ಟು. ದಣಿದ ತೋಳಿನಲ್ಲೇ ಮತ್ತೆ ಮತ್ತೆ ಎಸೆದವರಿಗೆ 36 ಪಟ್ಟು. ಅಂದರೆ ಸಂಖ್ಯೆಗಿಂತ ದಣಿವು ದೊಡ್ಡ ಶತ್ರು. 85 ಮಿತಿ ಇದ್ದರೂ 50ಕ್ಕೇ ಸೋತವನನ್ನು 50ಕ್ಕೇ ಇಳಿಸಬೇಕು. ಸೋತದ್ದು ಹೀಗೆ ಗೊತ್ತಾಗುತ್ತದೆ: ಚೆಂಡು ಸತತವಾಗಿ ಎತ್ತರಕ್ಕೆ ಹೋಗುತ್ತದೆ, ಮೊಣಕೈ ಭುಜದ ಮಟ್ಟದಿಂದ ಕೆಳಗಿಳಿಯುತ್ತದೆ, ಎರಡು ಎಸೆತಗಳ ನಡುವೆ ಹೊತ್ತು ಹೆಚ್ಚುತ್ತದೆ, ಹುಡುಗ ಕೈ ಕೊಡವುತ್ತಾನೆ, ಟೊಪ್ಪಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುತ್ತಾನೆ.

ಕರ್ವ್‌ಬಾಲ್ ಒಂದೇ ಎಲ್ಲ ಕೇಡಿಗೆ ಮೂಲ ಎಂಬುದು ಹಳೆಯ ನಂಬಿಕೆ. ಸಂಶೋಧನೆ ಬೆರಳು ತೋರುವುದು ಎಸೆತದ ಪ್ರಮಾಣ ಮತ್ತು ದಣಿವಿನ ಕಡೆಗೆ. ಆದರೂ ಕಲಿಕೆಯ ಕ್ರಮ ಮೊದಲು ಫಾಸ್ಟ್‌ಬಾಲ್, ನಂತರ ಚೇಂಜಪ್ (ಅದೇ ಧಾಟಿಯ ನಿಧಾನದ ಎಸೆತ), ಆಮೇಲಷ್ಟೇ ತಿರುಗುವ ಚೆಂಡು. ರಾಡಾರ್ ಗನ್ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿ. ಮೀಟರ್ ಕಂಡರೆ ಪ್ರತಿ ಎಸೆತಕ್ಕೂ ಪೂರಾ ಬಲ ಹಾಕುತ್ತಾರೆ.

ಚಿಕಾಗೊ ಕಬ್ಸ್‌ನ ಕೆರಿ ವುಡ್ ಇಪ್ಪತ್ತನೇ ವಯಸ್ಸಿನಲ್ಲಿ, 1998ರ ಮೇ 6ರಂದು, ಒಂದೇ ಪಂದ್ಯದಲ್ಲಿ 20 ಸ್ಟ್ರೈಕ್‌ಔಟ್ ಮಾಡಿದರು. 1999ರ ಇಡೀ ಋತು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಯಿತು. ಅದೇ ತಂಡದ ಮಾರ್ಕ್ ಪ್ರಯರ್ 2003ರಲ್ಲಿ 18 ಗೆದ್ದು 6 ಸೋತರು, 245 ಸ್ಟ್ರೈಕ್‌ಔಟ್. ಆ ಸೆಪ್ಟೆಂಬರ್‌ನಲ್ಲಿ ಅವರನ್ನು ಪದೇಪದೇ 120 ಎಸೆತ ದಾಟಿಸಿದರು. 2006ರ ಆಗಸ್ಟ್ ಅವರ ಕೊನೆಯ ಮೇಜರ್ ಲೀಗ್ ತಿಂಗಳು, ವಯಸ್ಸು 25. ನಡುವೆ ಓಡುವಾಗ ಡಿಕ್ಕಿ ಹೊಡೆದದ್ದು, 2005ರಲ್ಲಿ ಬ್ಯಾಟ್‌ನಿಂದ ಸಿಡಿದ ಚೆಂಡು ಮೊಣಕೈ ಮುರಿದದ್ದೂ ಇದೆ, ಹಾಗಾಗಿ ಎಸೆತದ ಲೆಕ್ಕವೊಂದರ ಮೇಲೇ ತಪ್ಪು ಹೊರಿಸಲಾಗದು. ಆದರೆ ನಮ್ಮ ಕೈಯಲ್ಲಿ ಇದ್ದದ್ದು ಆ ಲೆಕ್ಕವೊಂದೇ.

ಮಕ್ಕಳ ಮೂಳೆ ಬೇರೆ

ಹದಿಮೂರು-ಹದಿನಾಲ್ಕರವರೆಗೆ ಮೊಣಕೈಯಲ್ಲಿ ಲಿಗಮೆಂಟ್‌ಗಿಂತ ಅದು ಅಂಟಿಕೊಂಡಿರುವ ಮೂಳೆಯ ಬೆಳವಣಿಗೆ ಫಲಕ ಮೆತ್ತಗಿರುತ್ತದೆ. ಎಳೆತಕ್ಕೆ ಮೊದಲು ಸೋಲುವುದು ಅದೇ. ಒಳಮಗ್ಗುಲಲ್ಲಿ ಉಬ್ಬಿದ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮಗು ಕೈ ಎಳೆದುಕೊಂಡರೆ, ಮೊಣಕೈ ಪೂರ್ತಿ ನೇರವಾಗದಿದ್ದರೆ ಎಕ್ಸ್‌ರೇ ಬೇಕು. ಎರಡೂ ಕೈಯದನ್ನು ತೆಗೆಸಿದರೆ ಹೋಲಿಸಲು ಅನುಕೂಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆತ ಪೂರ್ತಿ ಬಂದ್. ಭುಜದ ಮೇಲ್ತುದಿಯ ಫಲಕ ಕೆಟ್ಟರೆ ಮೂರು ತಿಂಗಳ ಮಾತು.

"ಟಾಮಿ ಜಾನ್ (ಮೊಣಕೈ ಲಿಗಮೆಂಟ್ ಬದಲಿಸುವ ಶಸ್ತ್ರಚಿಕಿತ್ಸೆ) ಮಾಡಿಸಿದರೆ ತೋಳು ಮೊದಲಿಗಿಂತ ಗಟ್ಟಿ" ಎಂಬ ಮಾತು ಪೋಷಕರ ನಡುವೆ ಓಡಾಡುತ್ತದೆ. ಅದು ಸುಳ್ಳು. 1974ರ ಸೆಪ್ಟೆಂಬರ್‌ನಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲ ಬಾರಿಗೆ ಟಾಮಿ ಜಾನ್ ಅವರ ಮುಂಗೈಯ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೊಲಿದರು. ಜಾನ್ 1976ರಲ್ಲಿ ಮರಳಿ, ಆಮೇಲೆ 164 ಪಂದ್ಯ ಗೆದ್ದರು ನಿಜ. ಆದರೆ ಈಗಲೂ ಚೇತರಿಕೆಗೆ 12ರಿಂದ 18 ತಿಂಗಳು ಬೇಕು, ಎಲ್ಲರೂ ಹಿಂದಿನ ಮಟ್ಟಕ್ಕೆ ಮರಳುವುದಿಲ್ಲ. ಗಟ್ಟಿಯಾಗಿ ಕಾಣುವುದು ಆ ತಿಂಗಳುಗಳ ವ್ಯಾಯಾಮದ ಫಲ. ಆ ವ್ಯಾಯಾಮಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಕಾಲಿನ ಗಾಯ ತೋಳಿಗೆ ಏರುತ್ತದೆ

1934ರಲ್ಲಿ 30 ಪಂದ್ಯ ಗೆದ್ದ ಡಿಜ್ಜಿ ಡೀನ್‌ಗೆ 1937ರ ಆಲ್‌ಸ್ಟಾರ್ ಪಂದ್ಯದಲ್ಲಿ ಅರ್ಲ್ ಆವೆರಿಲ್ ಹೊಡೆದ ಚೆಂಡು ತಾಗಿ ಕಾಲ್ಬೆರಳು ಮುರಿಯಿತು. ಅದು ಮಾಗುವ ಮೊದಲೇ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಏರಿದರು. ನೋವಿನ ಕಾಲಿನ ಮೇಲೆ ಭಾರ ಹಾಕಲಾಗದೆ ಎಸೆಯುವ ಧಾಟಿ ಬದಲಾಯಿತು, ಭುಜ ಕೆಟ್ಟಿತು. ಮತ್ತೆಂದೂ ಒಂದು ಋತುವಿನಲ್ಲಿ ಏಳಕ್ಕಿಂತ ಹೆಚ್ಚು ಗೆಲ್ಲಲಿಲ್ಲ. ಡೆಟ್ರಾಯಿಟ್‌ನ ಮಾರ್ಕ್ ಫಿಡ್ರಿಚ್ 1976ರಲ್ಲಿ 19 ಗೆಲುವು, 24 ಪೂರ್ಣ ಪಂದ್ಯ, ವರ್ಷದ ಹೊಸ ಆಟಗಾರ ಪ್ರಶಸ್ತಿ. 1977ರ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ (ಋತುವಿಗೆ ಮುಂಚಿನ ಅಭ್ಯಾಸ ಶಿಬಿರ) ಕ್ಯಾಚ್ ಹಿಡಿಯಲು ಓಡುವಾಗ ಮೊಣಕಾಲು ಕೆಟ್ಟಿತು. ಮರಳಿದ ಕೆಲ ವಾರಗಳಲ್ಲೇ ತೋಳು ಸತ್ತಿತು. ಭುಜದ ಕೀಲನ್ನು ಹಿಡಿದಿಡುವ ರೊಟೇಟರ್ ಕಫ್ ಹರಿದಿದೆ ಎಂಬುದು ಪತ್ತೆಯಾದದ್ದು 1985ರಲ್ಲಿ.

ಹಾಗಾಗಿ ಕಾಲು, ಸೊಂಟ, ಪಕ್ಕೆ ಎಲ್ಲಿ ಪೆಟ್ಟಾದರೂ ಅದನ್ನು ತೋಳಿನ ಗಾಯವೆಂದೇ ಎಣಿಸಿ. ಮರಳುವ ಮುನ್ನ, ಎಸೆದ ಮೇಲೆ ನೆಲಕ್ಕೂರುವ ಕಾಲಿನ ಮೇಲೆ ಒಂಟಿಯಾಗಿ ನಿಂತು ಹತ್ತು ಬಾರಿ ನಿಧಾನವಾಗಿ ಅರ್ಧ ಕುಳಿತು ಏಳಿಸಿ. ಮೊಣಕಾಲು ಒಳಕ್ಕೆ ವಾಲಬಾರದು, ನೋವು ಬರಬಾರದು. ನಂತರ ಕುಂಟಾಟದಂತೆ ಒಂದೇ ಕಾಲಿನಲ್ಲಿ ಜಿಗಿಸಿ. ಎರಡೂ ಕಾಲು ಒಂದೇ ದೂರ ಹೋಗಬೇಕು. ಗಾಯಕ್ಕೆ ಮುಂಚಿನ ಒಂದು ವಿಡಿಯೊ ಪಕ್ಕದಿಂದ ತೆಗೆದಿಟ್ಟಿದ್ದರೆ ಧಾಟಿ ಬದಲಾದದ್ದು ಕೂಡಲೇ ಕಾಣುತ್ತದೆ.

ಎಸೆತಕ್ಕೆ ಮರಳುವುದು ಮೆಟ್ಟಿಲಿನಂತೆ, ಡಾಕ್ಟರ್ ಅಥವಾ ಫಿಸಿಯೊ ಒಪ್ಪಿದ ಮೇಲೆ. ಹೈಸ್ಕೂಲು ವಯಸ್ಸಿನವರಿಗೆ ರೂಢಿಯ ಕ್ರಮ: 45 ಅಡಿಯಿಂದ ಹಗುರವಾಗಿ 25 ಎಸೆತ, ಐದರಿಂದ ಹತ್ತು ನಿಮಿಷ ವಿಶ್ರಾಂತಿ, ಮತ್ತೆ 25. ದಿನ ಬಿಟ್ಟು ದಿನ. ನೋವಿಲ್ಲದಿದ್ದರೆ ಮುಂದಿನ ಸಲ ಮೂರು ಕಂತು. ಆಮೇಲೆ 60 ಅಡಿ, 90 ಅಡಿ, 120 ಅಡಿ. ಅದೆಲ್ಲ ಮುಗಿದ ಮೇಲೆ ಮೌಂಡ್, ಅದೂ ಅರ್ಧ ಬಲದಲ್ಲಿ. ಕೀಲಿನಲ್ಲಿ ನೋವು ಬಂದರೆ ಅಂದು ನಿಲ್ಲಿಸಿ, ನೋವು ಇಳಿದ ಮೇಲೆ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಿ. ಮೆಟ್ಟಿಲು ಹಾರಿಸುವ ಆಸೆ ಹುಟ್ಟುವುದು ಪ್ಲೇಆಫ್ ಹತ್ತಿರ ಬಂದಾಗ. ಆ ವಾರ ತಾರೀಖು ನೋಡಬೇಡಿ, ಪುಸ್ತಕ ನೋಡಿ.

ತಲೆ, ಮುಖ, ಎದೆ

ಬಾಸ್ಟನ್‌ನ ಟೋನಿ ಕೊನಿಗ್ಲಿಯಾರೊ ಇಪ್ಪತ್ತರ ಹರೆಯದಲ್ಲಿ, 1965ರಲ್ಲಿ, 32 ಹೋಮ್‌ರನ್ ಹೊಡೆದು ಅಮೆರಿಕನ್ ಲೀಗ್‌ನಲ್ಲಿ ಮೊದಲಿಗರಾದರು. 1967ರ ಆಗಸ್ಟ್ 18ರಂದು ಜ್ಯಾಕ್ ಹ್ಯಾಮಿಲ್ಟನ್ ಎಸೆದ ಚೆಂಡು ಎಡಗೆನ್ನೆಗೆ ಬಡಿಯಿತು. ಹೆಲ್ಮೆಟ್ ಇತ್ತು, ಕಿವಿಪಟ್ಟಿ ಇರಲಿಲ್ಲ. ಕೆನ್ನೆಯ ಮೂಳೆ ಮುರಿದು ಅಕ್ಷಿಪಟಲಕ್ಕೆ ಪೆಟ್ಟಾಯಿತು. 1968 ಪೂರಾ ಹೋಯಿತು. ಮರಳಿ ಬಂದು 1970ರಲ್ಲಿ 36 ಹೋಮ್‌ರನ್ ಹೊಡೆದರೂ ದೃಷ್ಟಿ ಮತ್ತೆ ಕೈಕೊಟ್ಟಿತು.

ಮಕ್ಕಳ ಹೆಲ್ಮೆಟ್‌ಗೆ ಎರಡೂ ಕಿವಿಪಟ್ಟಿ ಇರಲಿ, ನೋಕ್ಸೆ (ಅಮೆರಿಕದ ಕ್ರೀಡಾ ರಕ್ಷಣಾ ಸಾಧನಗಳ ಮಾನದಂಡ ಸಂಸ್ಥೆ) ಮುದ್ರೆ ಇರಲಿ. ಅಂಚು ಹುಬ್ಬಿಗಿಂತ ಸುಮಾರು ಒಂದಿಂಚು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಪ್ರತ್ಯೇಕವಾಗಿ ಅಲ್ಲಾಡಬಾರದು. ಬಿರುಕು ಬಿಟ್ಟದ್ದನ್ನು ಎಸೆಯಿರಿ, ಅಂಟಿಸಬೇಡಿ. ಕೆನ್ನೆ ಮುಚ್ಚುವ ಸಿ-ಫ್ಲಾಪ್ ಪಿಚರ್ ಕಡೆಗಿರುವ ಬದಿಗೆ ಬೇಕು, ಅಂದರೆ ಬಲಗೈ ಬ್ಯಾಟರ್‌ಗೆ ಎಡಗಡೆ. ಹೆಲ್ಮೆಟ್ ತಯಾರಕರು ಒಪ್ಪದ ಫ್ಲಾಪ್‌ಗೆ ನೀವೇ ತೂತು ಕೊರೆದರೆ ಚಿಪ್ಪು ದುರ್ಬಲವಾಗುತ್ತದೆ.

ಚೆಂಡು ಮೈಮೇಲೆ ಬಂದಾಗ ತಿರುಗುವುದನ್ನೂ ಕಲಿಸಬೇಕು. ಹೆಚ್ಚಿನ ಮಕ್ಕಳು ಗಾಬರಿಯಲ್ಲಿ ಎದೆ ತೆರೆದು ಪಿಚರ್ ಕಡೆಗೆ ತಿರುಗುತ್ತಾರೆ. ಸರಿಯಾದದ್ದು ಅದರ ತದ್ವಿರುದ್ಧ: ಮುಂಭುಜ ಒಳಕ್ಕೆ ಸುತ್ತಿ, ಗದ್ದ ಎದೆಗೊತ್ತಿ, ಬೆನ್ನು ಕೊಡುವುದು. ಟೆನಿಸ್ ಚೆಂಡಿನಲ್ಲಿ ಹತ್ತಿರದಿಂದ ಮೆಲ್ಲಗೆ ಎಸೆದು, ಯೋಚಿಸದೆ ಮೈ ತಿರುಗುವವರೆಗೆ ರೂಢಿ ಮಾಡಿಸಿ.

ಪಿಚರ್‌ಗೂ ಅಪಾಯ ಅಷ್ಟೇ. ಕ್ಲೀವ್‌ಲ್ಯಾಂಡ್‌ನ ಹರ್ಬ್ ಸ್ಕೋರ್‌ಗೆ 1957ರ ಮೇ 7ರಂದು ಗಿಲ್ ಮ್ಯಾಕ್‌ಡೂಗಲ್ಡ್ ಹೊಡೆದ ಚೆಂಡು ನೇರ ಮುಖಕ್ಕೆ ಬಡಿಯಿತು. ತಮ್ಮ ಆಟ ಕುಸಿದದ್ದು ಕಣ್ಣಿನಿಂದಲ್ಲ, ಮರುವರ್ಷ ತೋಳಿಗೆ ಆದ ಗಾಯದಿಂದ ಎಂದು ಸ್ಕೋರ್ ಕೊನೆಯವರೆಗೂ ಹೇಳಿದರು. ಬ್ಯಾಟಿಂಗ್ ಅಭ್ಯಾಸಕ್ಕೆ ಎಸೆಯುವವರ ಮುಂದೆ ಎಲ್-ಸ್ಕ್ರೀನ್ (ಎಲ್ ಆಕಾರದ ರಕ್ಷಣಾ ಬಲೆ) ಇಲ್ಲದೆ ಶುರುಮಾಡಬೇಡಿ.

ಬ್ರೂಕ್ಲಿನ್‌ನ ಪೀಟ್ ರೈಸರ್ 1941ರಲ್ಲಿ .343 ಸರಾಸರಿಯೊಂದಿಗೆ ನ್ಯಾಷನಲ್ ಲೀಗ್‌ಗೇ ಮೊದಲಿಗರು. 1942ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕ್ಯಾಚ್ ಬೆನ್ನಟ್ಟಿ ಗೋಡೆಗೆ ತಲೆ ಬಡಿದುಕೊಂಡರು, ಪೂರ್ತಿ ವಾಸಿಯಾಗುವ ಮೊದಲೇ ಆಡಿದರು, ಬ್ಯಾಟಿಂಗ್ ಕುಸಿಯಿತು. ತಲೆಗೆ ಪೆಟ್ಟಾದವರು ಅಂದು ಮತ್ತೆ ಆಡುವಂತಿಲ್ಲ, "ನಾನು ಚೆನ್ನಾಗಿದ್ದೀನಿ" ಎಂದರೂ. ಲಕ್ಷಣಗಳೆಲ್ಲ ಹೋಗಿ ಡಾಕ್ಟರ್ ಒಪ್ಪಿದ ಮೇಲೆ ನಡಿಗೆ, ಓಟ, ಏಕಾಂಗಿ ಅಭ್ಯಾಸ, ತಂಡದ ಅಭ್ಯಾಸ, ಪಂದ್ಯ, ಹೀಗೆ ಹಂತಕ್ಕೆ ಕನಿಷ್ಠ 24 ಗಂಟೆ.

ಎದೆಗೆ ಚೆಂಡು ಬಡಿದು ಮಗು ಕುಸಿದರೆ ಉಸಿರು ಹಿಡಿದಿದೆ ಎಂದು ಕಾಯಬೇಡಿ. ಹೃದಯದ ಬಡಿತ ತಪ್ಪಿರಬಹುದು. ಒಬ್ಬರು 911, ಒಬ್ಬರು ಎದೆ ಒತ್ತುವುದು, ಒಬ್ಬರು ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ತರುವುದು. ಎಇಡಿ ಪೆಟ್ಟಿಗೆ ಎಲ್ಲಿದೆ ಎಂದು ಮೊದಲ ಪಂದ್ಯದ ದಿನವೇ ನೋಡಿಟ್ಟುಕೊಳ್ಳಿ. ಅದು ಬೀಗ ಹಾಕಿದ ಕೋಣೆಯಲ್ಲಿದ್ದರೆ ಬೀಗದ ಕೈ ಯಾರ ಬಳಿ ಎಂದೂ ಕೇಳಿ.

ಚೆಂಡು ಕೈ ಮಾತು ಕೇಳದಾದಾಗ

2000ದ ಋತುವಿನಲ್ಲಿ ಸೇಂಟ್ ಲೂಯಿಸ್‌ನ ರಿಕ್ ಆಂಕೀಲ್ ಇಪ್ಪತ್ತೊಂದರ ಹುಡುಗ, 194 ಸ್ಟ್ರೈಕ್‌ಔಟ್ ಮಾಡಿದ್ದರು. ಅಕ್ಟೋಬರ್ 3ರ ಪ್ಲೇಆಫ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್ (ಕ್ಯಾಚರ್ ಹಿಡಿಯಲಾಗದಷ್ಟು ಗುರಿ ತಪ್ಪಿದ ಎಸೆತ). ತೋಳಿನಲ್ಲಿ ಗಾಯವಿರಲಿಲ್ಲ. ಗುರಿ ಮರಳಲೇ ಇಲ್ಲ.

ನಿಮ್ಮ ಮಗುವಿಗೆ ಹೀಗಾದರೆ ಮೊದಲು ಗಾಯವಿಲ್ಲ ಎಂಬುದನ್ನು ಡಾಕ್ಟರ್ ಹತ್ತಿರ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಡಗಿದ ನೋವೂ ಗುರಿ ತಪ್ಪಿಸುತ್ತದೆ. ಆಮೇಲೆ ಎರಡು-ಮೂರು ವಾರ ಮೌಂಡ್‌ನಿಂದ ದೂರವಿಡಿ. ಗುರಿಯಿಲ್ಲದೆ, ಬಲೆಗೆ, ಯಾರೂ ನೋಡದಿರುವಾಗ ಎಸೆಯಲಿ. ಗ್ಯಾಲರಿಯಿಂದ "ಸ್ಟ್ರೈಕ್ ಹಾಕು" ಎಂದು ಕೂಗುವವರನ್ನು ಸುಮ್ಮನಾಗಿಸಿ. ಅದೇ ಸಮಯದಲ್ಲಿ ಔಟ್‌ಫೀಲ್ಡ್‌ನಲ್ಲೋ ಫಸ್ಟ್ ಬೇಸ್‌ನಲ್ಲೋ ಜಾಗ ಕೊಡಲು ಕೋಚ್‌ಗೆ ಹೇಳಿ, ಬ್ಯಾಟಿಂಗ್ ಅಭ್ಯಾಸ ಹೆಚ್ಚಿಸಿ. ಆಂಕೀಲ್ ಔಟ್‌ಫೀಲ್ಡರ್ ಆಗಿ 2007ರ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ಗೆ ಮರಳಿದರು, ಮರುವರ್ಷ 25 ಹೋಮ್‌ರನ್ ಹೊಡೆದರು.